ಪದವಿಯ ಗಣಿತಕ್ಕೂ ಹೈಸ್ಕೂಲಿನ ಗಣಿತಕ್ಕೂ ನಂಟು ಕಡಿದದ್ದು ಎಲ್ಲಿ?

ನಮ್ಮ ಹೈಸ್ಕೂಲುಗಳ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟರನ್ನು ‘ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಟೀಚರ್’ ಎಂದೇ ಕರೆಯುತ್ತಾರೆ. ಜೀವಶಾಸ್ತ್ರ ಹೇಳಿಕೊಡುವವರು ‘ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಟೀಚರ್’. ಪದವಿಯಲ್ಲಿ ಓದಿದ ಮೂರು ವಿಷಯಗಳ ಗುಂಪೇ ನೌಕರಿಯುದ್ದಕ್ಕೂ ಅವರ ಗುರುತು. ಪಿಸಿಎಂನ ‘ಎಂ’ನಲ್ಲಿ ಅವರು ಓದಿದ್ದೇನು? ಗುಂಪು ಸಿದ್ಧಾಂತ, ಲಗ್ರಾಂಜನ ಪ್ರಮೇಯ, ಶ್ರೇಣಿಗಳ ಅಭಿಸರಣ, ಲ್ಯಾಪ್ಲಾಸ್ ಪರಿವರ್ತನೆ, ಆಂಶಿಕ ಅವಕಲ ಸಮೀಕರಣ. ಎಂಟನೇ ತರಗತಿಯಲ್ಲಿ ಕಲಿಸಬೇಕಾದ್ದು ಬೀಜೋಕ್ತಿ, ಚತುರ್ಭುಜ, ಶೇಕಡಾ ಲೆಕ್ಕ. ಇವೆರಡನ್ನೂ ಕೂಡಿಸಿ ತೋರಿಸುವ ಕೆಲಸ ಡಿಗ್ರಿ ಕಾಲೇಜಿನದ್ದೂ ಅಲ್ಲ, ಬಿಎಡ್ ಕಾಲೇಜಿನದ್ದೂ ಅಲ್ಲ ಎಂಬಂತಾಗಿದೆ.

ಈ ದೂರು ಹೊಸದೇನಲ್ಲ, ನಮ್ಮದು ಮಾತ್ರವೂ ಅಲ್ಲ. ಜರ್ಮನಿಯ ಗಟಿಂಗನ್‌ನಲ್ಲಿ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಶಿಕ್ಷಕರಾಗಲು ಹೊರಟವರಿಗೆಂದೇ ಉಪನ್ಯಾಸ ಕೊಡುತ್ತಿದ್ದ. 1908ರಲ್ಲಿ ಅಚ್ಚಾದ ಆ ಉಪನ್ಯಾಸಗಳ ಆರಂಭದಲ್ಲೇ ಅವನು ಎರಡು ಕಡಿತಗಳ ಬಗ್ಗೆ ಹೇಳುತ್ತಾನೆ. ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ಹುಡುಗನಿಗೆ ಅಲ್ಲಿನ ಗಣಿತ ಶಾಲೆಯಲ್ಲಿ ಕಲಿತದ್ದನ್ನು ನೆನಪಿಸುವುದೇ ಇಲ್ಲ. ಇದು ಮೊದಲ ಕಡಿತ. ಪದವಿ ಮುಗಿಸಿ ಶಿಕ್ಷಕನಾಗಿ ಮರಳಿದಾಗ, ಕಲಿತ ದೊಡ್ಡ ಗಣಿತವನ್ನು ಬದಿಗಿಟ್ಟು ತನ್ನ ಮೇಷ್ಟರು ಹೇಗೆ ಕಲಿಸಿದ್ದರೋ ಹಾಗೆಯೇ ಕಲಿಸತೊಡಗುತ್ತಾನೆ, ಇದು ಎರಡನೆಯದು. ನೂರು ವರ್ಷ ದಾಟಿದ ಮೇಲೂ ಈ ಮಾತು ನಮ್ಮ ಯಾವುದೇ ತಾಲ್ಲೂಕಿನ ಶಾಲೆಗೆ ಒಪ್ಪುತ್ತದೆ.

ಒಂದು ಉದಾಹರಣೆಯನ್ನೇ ಹತ್ತಿರದಿಂದ ನೋಡಬಹುದು. ಏಳನೇ ತರಗತಿಯ ಪೂರ್ಣಾಂಕಗಳ ಪಾಠದಲ್ಲಿ ‘ಮೈನಸ್ ಇಂಟು ಮೈನಸ್ ಪ್ಲಸ್’ ಬರುತ್ತದೆ. ಯಾಕೆ ಎಂದು ಕೇಳುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ‘ಅದು ರೂಲು, ಬರ್ಕೋ’ ಎಂಬುದೇ ಸಾಮಾನ್ಯ ಉತ್ತರ. ಆದರೆ ಆ ಶಿಕ್ಷಕರು ಪದವಿಯಲ್ಲಿ, ಕೂಡುವ ಗುಣಿಸುವ ನಿಯಮಗಳನ್ನೇ ಅಮೂರ್ತವಾಗಿ ನೋಡುವ ರಿಂಗ್ ಸಿದ್ಧಾಂತ ಓದಿದ್ದರೆ, ಅದರ ಮೊದಲ ಪುಟಗಳಲ್ಲೇ ಇದರ ಸಾಧನೆಯನ್ನು ಬರೆದಿರುತ್ತಾರೆ. ಅಲ್ಲಿ ಅದು a, b ಎಂಬ ಅಕ್ಷರಗಳ ವೇಷದಲ್ಲಿರುತ್ತದೆ, ಅಷ್ಟೆ. ಅಕ್ಷರ ತೆಗೆದು ಅಂಕಿ ಹಾಕಿ: 2 ಮತ್ತು −2 ಕೂಡಿದರೆ ಸೊನ್ನೆ. ಹಾಗಾಗಿ (−3) × (2 + (−2)) ಕೂಡ ಸೊನ್ನೆಯೇ ಆಗಬೇಕು. ಆವರಣ ಬಿಡಿಸಿದರೆ ಮೊದಲ ಭಾಗ (−3) × 2, ಅಂದರೆ −6. ಉಳಿದ (−3) × (−2) ಅದರ ಜೊತೆ ಸೇರಿ ಸೊನ್ನೆ ಆಗಬೇಕಾದರೆ ಅದು 6 ಆಗದೆ ಬೇರೆ ದಾರಿಯಿಲ್ಲ. ಏಳನೇ ತರಗತಿಯ ಮಗುವಿಗೆ ಇದು ಅರ್ಥವಾಗುತ್ತದೆ. ಉತ್ತರ ಶಿಕ್ಷಕರ ಹಳೇ ನೋಟ್‌ಬುಕ್ಕಿನಲ್ಲೇ ಇತ್ತು. ಆ ಪ್ರಮೇಯ ಈ ಪ್ರಶ್ನೆಗೆ ಉತ್ತರ ಎಂದು ಹೇಳಿಕೊಟ್ಟವರು ಇರಲಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಜೊತೆಗೇ ಹೋಯಿತು.

ಈ ಬೇರ್ಪಡಿಕೆಯ ಬೇರು ಬ್ರಿಟಿಷರ ಕಾಲದಲ್ಲಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳು ಆಗ ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಪದವಿ ಕಾಲೇಜಿನಲ್ಲಿ ವಿಷಯ. ಕಲಿಸುವ ವಿದ್ಯೆಗೆ ಬೇರೆಯೇ ಟ್ರೇನಿಂಗ್ ಕಾಲೇಜು. ಮದ್ರಾಸಿನ ಸೈದಾಪೇಟೆಯ ಕಾಲೇಜಿನಲ್ಲಿ ‘ಎಲ್.ಟಿ.’ ಎಂಬ ಶಿಕ್ಷಕ ತರಬೇತಿ ಮುಗಿಸಿದವರು ಶಿಕ್ಷಕರಾಗುತ್ತಿದ್ದರು. ಎಲ್.ಟಿ. ಮುಂದೆ ಬಿ.ಟಿ. ಆಯಿತು, ಬಿ.ಟಿ. ಬಿಎಡ್ ಆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗಲೂ ಮೊದಲು ವಿಷಯ, ಆಮೇಲೆ ತರಬೇತಿ ಎಂಬ ಕ್ರಮ ಬದಲಾಗಲಿಲ್ಲ. ಆ ಕಾಲದ ಪದವಿ ಗಣಿತದಲ್ಲಿ ಶಂಕುಜಗಳು, ಘನ ಜ್ಯಾಮಿತಿ, ಸ್ಥಿತಿಶಾಸ್ತ್ರದಂಥ ಭಾಗಗಳು ದೊಡ್ಡದಾಗಿದ್ದವು. ಅವು ಶಾಲೆಯ ಯೂಕ್ಲಿಡ್‌ಗೆ ಹತ್ತಿರದ ನೆಂಟರು. ಮುಂದೆ ಅಮೂರ್ತ ಬೀಜಗಣಿತವೂ ವಿಶ್ಲೇಷಣೆಯೂ ಆ ಜಾಗ ಹಿಡಿದವು. ಗಣಿತದ ದೃಷ್ಟಿಯಿಂದ ಅದು ಸರಿಯಾದ ನಡೆಯೇ. ಆದರೆ ಆ ಹೊಸ ಭಾಗಗಳಿಂದ ಶಾಲೆಗೆ ಇಳಿಯುವ ಮೆಟ್ಟಿಲು ಕಟ್ಟಲು ಯಾರೂ ಮುಂದಾಗಲಿಲ್ಲ.

ತಮಾಷೆಯೆಂದರೆ, ವಿದ್ಯಾರ್ಥಿಗಳು ಅತಿ ಹೆಚ್ಚು ಶಪಿಸುವ ರಿಯಲ್ ಅನಾಲಿಸಿಸ್ (ವಾಸ್ತವ ಸಂಖ್ಯೆಗಳ ವಿಶ್ಲೇಷಣೆ) ಹುಟ್ಟಿದ್ದರಲ್ಲಿ ಪಾಠ ಮಾಡುವವನ ಪೇಚಾಟದ ಪಾಲೂ ಇದೆ. 1858ರಲ್ಲಿ ಜ್ಯೂರಿಕ್‌ನಲ್ಲಿ ಕ್ಯಾಲ್ಕುಲಸ್ ಕಲಿಸುತ್ತಿದ್ದ ರಿಚರ್ಡ್ ಡೆಡೆಕಿಂಡ್‌ಗೆ, ಸಂಖ್ಯಾರೇಖೆಯಲ್ಲಿ ಸಂದು ಇಲ್ಲ ಎನ್ನುವುದಕ್ಕೆ ಚಿತ್ರ ಬಿಡಿಸುವುದರ ಹೊರತು ತನ್ನ ಬಳಿ ಬೇರೆ ಆಧಾರವಿಲ್ಲ ಎಂದು ಕಿರಿಕಿರಿಯಾಯಿತು. ಅದನ್ನು ಸರಿಪಡಿಸಲು ಹೊರಟು ಅವನು ಕಂಡುಕೊಂಡದ್ದು 1872ರಲ್ಲಿ ಅಚ್ಚಾಯಿತು. ಹತ್ತನೇ ತರಗತಿಯ ವಾಸ್ತವ ಸಂಖ್ಯೆಗಳ ಪಾಠದಲ್ಲಿ √2 ಅಭಾಗಲಬ್ಧ ಎಂದು ಸಾಧಿಸುವಾಗ ನಾವು ನಿಂತಿರುವುದು ಭಾಗಲಬ್ಧ ಸಂಖ್ಯೆಗಳಷ್ಟೇ ಇದ್ದರೆ ಉಳಿಯುವ ಅಂಥದೊಂದು ಸಂದಿನ ಅಂಚಿನಲ್ಲೇ. ಈ ಕಥೆಯನ್ನು ಬಿಎಸ್ಸಿ ತರಗತಿಯಲ್ಲಿ ಹೇಳಲು ಹತ್ತು ನಿಮಿಷ ಸಾಕು. ಸಿಲಬಸ್ ಮುಗಿಸುವ ಧಾವಂತದಲ್ಲಿ ಆ ಹತ್ತು ನಿಮಿಷವೇ ಸಿಗುವುದಿಲ್ಲ.

ಕಡಿದ ನಂಟನ್ನು ಕೂಡಿಸುವ ಗಂಭೀರ ಪ್ರಯತ್ನವೊಂದು ನಮ್ಮಲ್ಲೇ ನಡೆಯಿತು. 1963ರಲ್ಲಿ ಎನ್‌ಸಿಇಆರ್‌ಟಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ತೆರೆಯಿತು. ಮೈಸೂರಿನದು ಮಾನಸಗಂಗೋತ್ರಿಯ ಪಕ್ಕದಲ್ಲೇ ಇದೆ. ಈಗಿನ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ‘ಆರ್‌ಐಇ’. ಅಲ್ಲಿ ಪಿಯುಸಿ ಮುಗಿಸಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಇತ್ತು. ಒಂದೇ ಕ್ಯಾಂಪಸ್ಸಿನಲ್ಲಿ ಗಣಿತ, ಕಲಿಸುವ ವಿಧಾನ, ಪಕ್ಕದಲ್ಲೇ ಪ್ರಾಯೋಗಿಕ ಶಾಲೆ. ಗಣಿತ ಹೇಳುವವರು, ಬೋಧನಶಾಸ್ತ್ರ ಹೇಳುವವರು ಒಂದೇ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವ ಏರ್ಪಾಡು. ದಕ್ಷಿಣದ ರಾಜ್ಯಗಳಿಗೆಲ್ಲ ಆಗ ಅದೊಂದೇ. 1964–66ರ ಕೊಠಾರಿ ಆಯೋಗ ಕೂಡ, ಶಿಕ್ಷಕರ ತರಬೇತಿ ವಿಶ್ವವಿದ್ಯಾಲಯದ ಓದಿನಿಂದಲೂ ಶಾಲೆಗಳಿಂದಲೂ ದೂರವಾಗಿ ಒಂಟಿಯಾಗಿದೆ ಎಂದಿತ್ತು. ಆದರೂ ಹಬ್ಬಿದ್ದು ನಾಲ್ಕು ವರ್ಷದ ಮಾದರಿಯಲ್ಲ, ಪದವಿ ಆದ ಮೇಲಿನ ಒಂದು ವರ್ಷದ ಬಿಎಡ್. ಕಾರಣ ಸರಳ: ಬಿಎಡ್ ಕಾಲೇಜಿಗೆ ಗಣಿತ ವಿಭಾಗ, ಲ್ಯಾಬು, ಅಷ್ಟೊಂದು ಅಧ್ಯಾಪಕರು ಬೇಕಿಲ್ಲ.

1995ರಲ್ಲಿ ಶಿಕ್ಷಕರ ತರಬೇತಿಯನ್ನು ನಿಯಂತ್ರಿಸುವ ಶಾಸನಬದ್ಧ ಸಂಸ್ಥೆ ಎನ್‌ಸಿಟಿಇ ಬಂತು. ಖಾಸಗಿ ಬಿಎಡ್ ಕಾಲೇಜುಗಳ ಗುಣಮಟ್ಟದ ಬಗ್ಗೆ ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕಟುವಾಗಿಯೇ ಬರೆಯಿತು. 2015ರಿಂದ ಬಿಎಡ್ ಎರಡು ವರ್ಷವಾಯಿತು, ಇಪ್ಪತ್ತು ವಾರಗಳ ಶಾಲಾ ಇಂಟರ್ನ್‌ಶಿಪ್ ಸೇರಿತು. ಒಳ್ಳೆಯದೇ. ಆದರೆ ಹೆಚ್ಚಿದ ಆ ವರ್ಷ ತುಂಬಿದ್ದು ಬಹುಪಾಲು ಪಾಠಯೋಜನೆ, ರೆಕಾರ್ಡು, ಶಿಕ್ಷಣದ ತತ್ವಗಳಿಂದ. ಭಿನ್ನರಾಶಿಯ ಭಾಗಾಕಾರದಲ್ಲಿ ಎರಡನೆಯದನ್ನು ಯಾಕೆ ತಿರುಗಿಸಿ ಗುಣಿಸುತ್ತೇವೆ ಎಂದು ಕೂತು ಯೋಚಿಸುವ ಅವಕಾಶ ಅಲ್ಲೂ ಕಡಿಮೆ.

ಪದವಿಯ ಕಡೆ ಇತ್ತೀಚಿನ ವರ್ಷಗಳು ಗೊಂದಲದ್ದು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕ ಎಲ್ಲರಿಗಿಂತ ಮುಂಚೆ ಜಾರಿಗೆ ತಂದಿತು. ಬೇಕೆಂದವರಿಗೆ ನಾಲ್ಕನೇ ವರ್ಷ, ಮೂರರ ಬದಲು ಎರಡು ಮುಖ್ಯ ವಿಷಯ. ಗಣಿತದಲ್ಲಿ ಪ್ರಾಕ್ಟಿಕಲ್‌ಗೆ ಪೈಥಾನ್, ಸೈಲ್ಯಾಬ್, ಮ್ಯಾಕ್ಸಿಮಾದಂಥ ಕಂಪ್ಯೂಟರ್ ಸಾಫ್ಟ್‌ವೇರ್. ನನಗೆ ಇದರಲ್ಲಿ ಇಷ್ಟವಾದದ್ದು ಆ ಲ್ಯಾಬ್ ಮಾತ್ರ. ಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರವನ್ನೂ ಹೇಳಬೇಕಾದವರಿಗೆ ಎರಡೇ ವಿಷಯ ಎಂಬುದು ಹೊಂದುವ ಮಾತಲ್ಲ. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ, ಮೂರು ವಿಷಯಗಳಿಗೆ ಮರಳಿತು. ಅಧ್ಯಾಪಕರು ಮೂರು ವರ್ಷದಲ್ಲಿ ಎರಡು ಸಿಲಬಸ್ ಬರೆದರು.

ಇತ್ತ ಕೇಂದ್ರ, 2030ರ ಹೊತ್ತಿಗೆ ಶಿಕ್ಷಕರಾಗಲು ನಾಲ್ಕು ವರ್ಷದ ಸಂಯೋಜಿತ ಪದವಿಯೇ ಕನಿಷ್ಠ ಅರ್ಹತೆ ಎಂದು ನೀತಿಯಲ್ಲಿ ಬರೆದಿದೆ. ಐಟಿಇಪಿ ಹೆಸರಿನ ಆ ಕೋರ್ಸು 2023–24ರಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. 1963ರ ಮೈಸೂರಿನ ಯೋಚನೆಯೇ ಹೊಸ ಹೆಸರಿನಲ್ಲಿ ಬಂದಂತಿದೆ. ಇದನ್ನು ನಡೆಸಲು ಗಣಿತ ವಿಭಾಗ, ಶಿಕ್ಷಣ ವಿಭಾಗ ಎರಡೂ ಒಂದೇ ಸಂಸ್ಥೆಯಲ್ಲಿರಬೇಕು. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಶಿಕ್ಷಣ ವಿಭಾಗವಿಲ್ಲ, ಬಿಎಡ್ ಕಾಲೇಜುಗಳಲ್ಲಿ ಗಣಿತ ವಿಭಾಗವಿಲ್ಲ. ಹಲವು ಊರುಗಳಲ್ಲಿ ಇವೆರಡೂ ಒಂದೇ ರಸ್ತೆಯಲ್ಲಿವೆ. ಅವು ಒಟ್ಟಿಗೆ ಒಂದು ಪತ್ರಿಕೆಯನ್ನಾದರೂ ಪಾಠ ಮಾಡಲು ಯಾವ ಆದೇಶಕ್ಕೂ ಕಾಯಬೇಕಿಲ್ಲ. ಐದನೆಯ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ಗಂಟೆ, ಕೈಯಲ್ಲಿ ಹೈಸ್ಕೂಲಿನ ಪಠ್ಯಪುಸ್ತಕ: ಶುರು ಮಾಡಲು ಇಷ್ಟಿದ್ದರೆ ಆಗುತ್ತದೆ.