‘ಜ್ವರ ಇಲ್ಲವಲ್ಲ, ಪೈಪು ಇರಲಿ ಬಿಡಿ’

ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಕೋಲಾರಕ್ಕೆ ಡಯಾಲಿಸಿಸ್‌ಗೆ ಬರುವವರದು ಒಂದೇ ಮಾತು: ‘ಕತ್ತಿನ ಪೈಪು ಚೆನ್ನಾಗೇ ನಡೀತಿದೆ ಸಾರ್, ಜ್ವರಾನೂ ಇಲ್ಲ. ಕೈಗೆ ಆಪರೇಷನ್ ಯಾಕೆ?’ ಪೈಪು ಎಂದರೆ ಡಯಾಲಿಸಿಸ್‌ಗೆಂದು ಕತ್ತಿನ ರಕ್ತನಾಳಕ್ಕೆ ಇಳಿಸಿದ ಕೊಳವೆ. ಕೈಯ ಆಪರೇಷನ್ ಎಂದರೆ ಅಪಧಮನಿಗೆ ಅಭಿಧಮನಿಯನ್ನು ಜೋಡಿಸುವ ಫಿಸ್ಟುಲಾ. ಫಿಸ್ಟುಲಾ ಮಾಡಿಸಿಕೊಂಡವರಲ್ಲೂ ಕೆಲವರು ಪ್ರತಿ ಡಯಾಲಿಸಿಸ್‌ಗೂ ಕೈಗೆ ಚುಚ್ಚುವ ಎರಡು ಸೂಜಿಗೆ ಹೆದರಿ ಪೈಪನ್ನೇ ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಅದೇ ಜನ, ‘ರಕ್ತ ಹೆಚ್ಚೋ ಇಂಜೆಕ್ಷನ್ ತಪ್ಪದೆ ಹಾಕಿಸ್ತಿದ್ದೀವಿ, ಹಿಮೋಗ್ಲೋಬಿನ್ 8 ದಾಟ್ತಿಲ್ಲ’ ಎಂದು ಕೊರಗುತ್ತಾರೆ. ಈ ಎರಡು ಮಾತಿಗೂ ನಂಟಿದೆ.

ಟೊಮೆಟೊ ತೋಟದ ಹಳೇ ಡ್ರಿಪ್ ಪೈಪನ್ನು ಕತ್ತರಿಸಿ ಬೆರಳಾಡಿಸಿ ನೋಡಿ. ನೀರು ಹನಿಯುತ್ತಲೇ ಇತ್ತು, ಒಳಗೋಡೆಗೆ ಮಾತ್ರ ಲೋಳೆ. ಕತ್ತಿನ ಪೈಪೂ ಹಾಗೆಯೇ. ರಕ್ತನಾಳಕ್ಕಿಳಿದ ಸ್ವಲ್ಪ ಹೊತ್ತಿಗೇ ಅದರ ಮೇಲೆ ಪ್ರೋಟೀನ್ ಪದರ ಕೂರುತ್ತದೆ. ಬರಬರುತ್ತಾ ಅದರಲ್ಲಿ ಬ್ಯಾಕ್ಟೀರಿಯಾ ನೆಲೆಯೂರಿ ಲೋಳೆ ಕಟ್ಟಿಕೊಳ್ಳುತ್ತವೆ. ಆ ಲೋಳೆಯ ತಳಕ್ಕೆ ಆಂಟಿಬಯಾಟಿಕ್ ಸರಿಯಾಗಿ ಇಳಿಯುವುದಿಲ್ಲ. ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದಾಗ ಚಳಿಜ್ವರ ಬರುತ್ತದೆ, ಅದು ಎಲ್ಲರಿಗೂ ಗೊತ್ತು. ನುಗ್ಗದೆ ಸುಮ್ಮನೆ ಕೂತಾಗಲೂ ದೇಹ ಆ ಪೈಪಿನ ಜೊತೆ ಹಗಲೂ ರಾತ್ರಿ ಸಣ್ಣಗೆ ಗುದ್ದಾಡುತ್ತಲೇ ಇರುತ್ತದೆ. ಉರಿಯೂತ ಎನ್ನುವುದು ಇದನ್ನೇ. ಥರ್ಮಾಮೀಟರಿಗೆ ಇದು ಸಿಗುವುದಿಲ್ಲ.

ಉರಿಯೂತವಿದ್ದಾಗ ಲಿವರು ಕಬ್ಬಿಣವನ್ನು ಒಳಗೇ ತಡೆಹಿಡಿಯುವ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಕಣಜದಲ್ಲಿ ರಾಗಿ ತುಂಬಿದ್ದು ಬಾಗಿಲಿಗೆ ಬೀಗ ಬಿದ್ದ ಹಾಗೆ, ಮೈಯಲ್ಲಿ ಕಬ್ಬಿಣವಿದ್ದರೂ ರಕ್ತ ತಯಾರಾಗುವ ಮೂಳೆಮಜ್ಜೆಗೆ ತಲುಪುವುದಿಲ್ಲ. ರಿಪೋರ್ಟಿನಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ 800 ಇರಬಹುದು, ಬಳಕೆಗೆ ಸಿಗುವ ಕಬ್ಬಿಣ ತೋರಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ ಮಾತ್ರ ಶೇ 20ಕ್ಕಿಂತ ಕೆಳಗೆ. ಇಂಥವರಿಗೆ ಎರಿಥ್ರೋಪೊಯೆಟಿನ್ (ಅದೇ ರಕ್ತ ಹೆಚ್ಚಿಸುವ ಇಂಜೆಕ್ಷನ್) ಡೋಸು ಏರಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ಬಿಪಿ ಏರುತ್ತದೆ, ರಕ್ತ ಏರುವುದಿಲ್ಲ. ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ ಮೇಲೆ, ರಕ್ತದ ಪ್ರೋಟೀನಾದ ಆಲ್ಬುಮಿನ್ ಕೆಳಗೆ. ಮುದ್ದೆ ಮುಂದಿಟ್ಟರೂ ಹಸಿವಿಲ್ಲ. ‘ಎಷ್ಟು ಹೇಳಿದ್ರೂ ತಿನ್ನಲ್ಲ’ ಎಂದು ಮನೆಯವರು ಬೈಯುತ್ತಾರೆ. ಪಾಪ, ಅದು ಹಟವಲ್ಲ, ಉರಿಯೂತ.

ಹಾಗಂತ ಸಿಆರ್‌ಪಿ ಏರಿದ್ದಕ್ಕೆಲ್ಲ ಪೈಪನ್ನೇ ದೂರುವಂತಿಲ್ಲ. ಹುಳುಕು ಹಲ್ಲು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಟಿಬಿ, ಯಾವಾಗಲೋ ಕಟ್ಟಿಹೋಗಿ ಕೈಯಲ್ಲೇ ಉಳಿದ ಗ್ರಾಫ್ಟ್ (ಡಯಾಲಿಸಿಸ್‌ಗೆಂದು ಚರ್ಮದಡಿ ಇಟ್ಟ ಕೃತಕ ನಾಳ), ಎಲ್ಲವನ್ನೂ ಹುಡುಕಬೇಕು. ಕಿಡ್ನಿ ಸೋತ ಮೈಯಲ್ಲಿ ಉರಿಯೂತ ಸ್ವಲ್ಪ ಇದ್ದೇ ಇರುತ್ತದೆ. ಹೃದಯ ತೀರಾ ದುರ್ಬಲವಾಗಿದ್ದರೆ, ರಕ್ತನಾಳಗಳು ಸಣ್ಣದಿದ್ದರೆ ಪರ್ಮ್‌ಕ್ಯಾತೇ (ಬಹುಕಾಲ ಇಡುವ ಕತ್ತಿನ ಪೈಪು) ಗತಿಯಾಗಬಹುದು. ಅದನ್ನು ನಿಮ್ಮ ಕಿಡ್ನಿ ಡಾಕ್ಟರು (ನೆಫ್ರಾಲಜಿಸ್ಟ್) ತೀರ್ಮಾನಿಸಲಿ.

ಮಿಷನ್‌ಗೆ ಹಾಕಿದ ಅರ್ಧ ಗಂಟೆಯಲ್ಲಿ ಮೈ ಗಡಗಡ ನಡುಗಿದರೆ ಅಲ್ಲೇ ಹೇಳಿ. ಊರಿಗೆ ಹೋಗಿ ಒಂದು ಇಂಜೆಕ್ಷನ್ ಹಾಕಿಸಿಕೊಂಡು ಮಲಗಿದರೆ, ಮಾರನೇ ದಿನ ತೆಗೆದ ಬ್ಲಡ್ ಕಲ್ಚರಿನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೆ ಹೋಗಬಹುದು. ಕಲ್ಚರ್ ಮೊದಲು, ಆಂಟಿಬಯಾಟಿಕ್ ಆಮೇಲೆ.

ಫಿಸ್ಟುಲಾ ಇವತ್ತು ಮಾಡಿ ನಾಳೆ ಚುಚ್ಚುವಂಥದ್ದಲ್ಲ. ಬಲಿಯಲು ಆರು ವಾರದಿಂದ ಮೂರು ತಿಂಗಳು ಬೇಕು. ರಕ್ತನಾಳ 6 ಮಿ.ಮೀ. ಅಗಲವಾಗಬೇಕು, ಚರ್ಮದಿಂದ 6 ಮಿ.ಮೀ.ಗಿಂತ ಆಳದಲ್ಲಿರಬಾರದು, ನಿಮಿಷಕ್ಕೆ 600 ಮಿ.ಲೀ. ರಕ್ತ ಹರಿಯಬೇಕು. ಅದಕ್ಕೇ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಇಜಿಎಫ್‌ಆರ್ 20ರ ಹತ್ತಿರ ಬಂದು ಇನ್ನೂ ಇಳಿಯುತ್ತಿದ್ದರೆ ಆಗಲೇ ಸರ್ಜನ್‌ಗೆ ಕೈ ತೋರಿಸಿ. ಅಲ್ಲಿಯವರೆಗೆ ಫಿಸ್ಟುಲಾ ಮಾಡಬೇಕಾದ ಕೈಗೆ ಡ್ರಿಪ್ ಬೇಡ, ರಕ್ತ ತೆಗೆಯುವುದೂ ಬೇಡ. ಯಾರೇ ಕೇಳಿದರೂ ಅಂಗೈ ಹಿಂಭಾಗ ತೋರಿಸಿ. ಆಪರೇಷನ್ ಆದ ಮೇಲೆ ಬೆಳಿಗ್ಗೆ, ರಾತ್ರಿ ಹೊಲಿಗೆಯ ಮೇಲ್ಗಡೆ ಬೆರಳಿಡಿ: ಬೆಕ್ಕು ಗುರುಗುಟ್ಟಿದಂತೆ ಅದುರಬೇಕು. ಅದುರು ನಿಂತರೆ ಅವತ್ತೇ ಬನ್ನಿ. ಟೊಮೆಟೊ ಮಾರುಕಟ್ಟೆಗೆ ಕ್ರೇಟು ಹೊರುವವರು ಆ ಕೈಯಲ್ಲಿ ಹೊರಬೇಡಿ. ಬಿಗಿ ಬಳೆ, ಬಿಪಿ ಪಟ್ಟಿ ಎರಡೂ ಆ ಕೈಗೆ ಕೂಡದು.

ಎರಡೂ ಸೂಜಿ ಕೈಯಲ್ಲೇ ಹಾಕಿ ಸತತ ಮೂರು ಡಯಾಲಿಸಿಸ್ ಸರಾಗವಾಗಿ ಆದರೆ, ಪೈಪು ಯಾವಾಗ ತೆಗೆಯುತ್ತೀರಿ ಎಂದು ನೀವೇ ಕೇಳಿ. ನೋವಿಗೆ ಸೂಜಿಗೆ ಒಂದು ಗಂಟೆ ಮೊದಲು ಹಚ್ಚುವ ಮರಗಟ್ಟಿಸುವ ಕ್ರೀಮಿದೆ. ಪೈಪು ತೆಗೆಯುವಾಗ ಅಂಗಾತ ಮಲಗಿಸಿ, ಗಾಯವನ್ನು ಕನಿಷ್ಠ ಹತ್ತು ನಿಮಿಷ ಒತ್ತಿ ಹಿಡಿದು, ಗಾಳಿಯಾಡದ ಪಟ್ಟಿ ಹಾಕುತ್ತಾರೆ. ಒಂದು ದಿನ ಅದನ್ನು ಬಿಚ್ಚಬೇಡಿ.