ಯಂತ್ರದ ಕುಣಿತದಲ್ಲಿ ಮನುಷ್ಯನ ಗುರುತು

2025ರ ಜನವರಿ 28ರಂದು, ಚೀನೀ ಹೊಸ ವರ್ಷದ ಮುನ್ನಾದಿನ, ಅಲ್ಲಿನ ಸರ್ಕಾರಿ ಟಿ.ವಿ. ಪ್ರಸಾರ ಮಾಡಿದ ವಸಂತೋತ್ಸವದ ಕಾರ್ಯಕ್ರಮದಲ್ಲಿ ಯೂನಿಟ್ರೀ ಕಂಪನಿಯ 16 ರೋಬೋಟ್‌ಗಳು ನೃತ್ಯ ಕಲಾವಿದರೊಂದಿಗೆ ‘ಯಾಂಗ್‌ಗೆ’ ಕುಣಿದವು. ಉತ್ತರ ಚೀನಾದ ಈ ಜನಪದ ಕುಣಿತದಲ್ಲಿ ಕೈವಸ್ತ್ರವನ್ನು ಬೆರಳ ತುದಿಯಲ್ಲಿ ಗಿರಗಿರನೆ ತಿರುಗಿಸುವುದು ಪಳಗಿದ ಕೈಗೆ ಮಾತ್ರ ಒಲಿಯುವ ಕೌಶಲ. ಹೂವಿನ ಚಿತ್ತಾರದ ಅಂಗಿ ತೊಟ್ಟ ಆಳೆತ್ತರದ ರೋಬೋಟ್‌ಗಳು ಕೈವಸ್ತ್ರವನ್ನು ತಿರುಗಿಸಿದವು, ಎಸೆದು ಮರಳಿ ಪಡೆದವು, ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದವು. ಹೆಜ್ಜೆ, ತಾಳ, ಭಂಗಿ ಎಲ್ಲವನ್ನೂ ಹೀಗೆ ಯಂತ್ರಕ್ಕೆ ದಾಟಿಸಬಹುದಾದರೆ, ಕುಣಿಯುವ ಮನುಷ್ಯ ತನ್ನದೆಂದು ಹೊರಗೆಡಹುವುದು ಏನನ್ನು?

ಇಂಥ ಕುಣಿತವನ್ನು ಕಲಿಸುವ ಈಗಿನ ವಿಧಾನ ಶುರುವಾಗುವುದೇ ಮನುಷ್ಯನ ಮೈಯಿಂದ. ಕಲಾವಿದರು ಕುಣಿಯುವಾಗ ಅವರ ಒಂದೊಂದು ಕೀಲೂ ಯಾವ ಕ್ಷಣದಲ್ಲಿ ಎಲ್ಲಿತ್ತು ಎಂಬುದನ್ನು ಕ್ಯಾಮೆರಾ ಅಥವಾ ಸಂವೇದಕಗಳಿಂದ ದಾಖಲಿಸಿಕೊಂಡು, ಆ ಚಲನೆಯನ್ನು ರೋಬೋಟ್‌ನ ಅಳತೆಗೆ ಹೊಂದಿಸುತ್ತಾರೆ. ಬಳಿಕ ಕಂಪ್ಯೂಟರಿನೊಳಗಿನ ಕೃತಕ ಜಗತ್ತಿನಲ್ಲಿ ರೋಬೋಟ್‌ನ ಪ್ರತಿರೂಪವು ಅದನ್ನು ಅನುಕರಿಸಲು ಮತ್ತೆ ಮತ್ತೆ ಪ್ರಯತ್ನಿಸಿ, ಲೆಕ್ಕವಿಲ್ಲದಷ್ಟು ಸಲ ಬಿದ್ದು, ಸಮತೋಲ ತಪ್ಪದಂತೆ ಯಾವ ಮೋಟಾರಿಗೆ ಎಷ್ಟು ಬಲ ಕೊಡಬೇಕೆಂಬುದನ್ನು ಕಲಿಯುತ್ತದೆ. ಆದ್ದರಿಂದ ವೇದಿಕೆಯ ಮೇಲೆ ನಾವು ಕಂಡ ತೋಳಿನ ಬೀಸು ಮೊದಲು ಯಾರೋ ಒಬ್ಬ ಕಲಾವಿದರ ಭುಜದಲ್ಲಿ ಹುಟ್ಟಿದ್ದು. ಇಂಥ ಪ್ರದರ್ಶನಗಳಲ್ಲಿ ಯಂತ್ರದ ಹೆಸರಿನ ಪಕ್ಕದಲ್ಲೇ ಆ ಕಲಾವಿದರ ಹೆಸರೂ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಚಲನೆಯೊಂದರಿಂದಲೇ ನಾವು ಎಷ್ಟೊಂದನ್ನು ಓದಿಕೊಳ್ಳುತ್ತೇವೆ ಎಂಬುದನ್ನು ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಪ್ರಯೋಗಗಳು ತೋರಿಸಿಕೊಟ್ಟಿವೆ. 1973ರಲ್ಲಿ ಮನೋವಿಜ್ಞಾನಿ ಗುನ್ನಾರ್ ಯೊಹಾನ್ಸನ್ ಅವರು ನಟರ ಕೀಲುಗಳ ಮೇಲಿನ ಬೆಳಕಿನ ಚುಕ್ಕೆಗಳು ಮಾತ್ರ ಕಾಣುವಂತೆ ಚಿತ್ರೀಕರಿಸಿದರು. ನಿಂತಾಗ ಅರ್ಥವಿಲ್ಲದಂತಿದ್ದ ಚುಕ್ಕೆಗಳು ಚಲಿಸತೊಡಗಿದೊಡನೆ ನಡೆಯುವ ಮನುಷ್ಯನಾಗಿ ಕಂಡವು. ಅದೇ ದಾರಿಯಲ್ಲಿ ಮುಂದುವರಿದ ಸ್ವೆರ್ಕರ್ ರೂನೆಸನ್ ಮತ್ತು ಗುನಿಲ್ಲಾ ಫ್ರಿಖೋಲ್ಮ್ ಅವರು ಪೆಟ್ಟಿಗೆ ಎತ್ತುವವರ ಚುಕ್ಕೆಗಳನ್ನು ತೋರಿಸಿದಾಗ, ಪೆಟ್ಟಿಗೆಯ ತೂಕವನ್ನು ನೋಡುಗರು ಸಾಕಷ್ಟು ಸರಿಯಾಗಿ ಅಂದಾಜಿಸಿದರು. ಇನ್ನೂ ಸೋಜಿಗವೆಂದರೆ, ಹಗುರ ಪೆಟ್ಟಿಗೆಯನ್ನು ಭಾರವೆಂಬಂತೆ ಎತ್ತಿ ನಟಿಸಿದವರ ಚಲನೆಯಲ್ಲಿ ನಟನೆಯೂ ನಿಜವಾದ ತೂಕವೂ ಎರಡೂ ಕಾಣಿಸಿಬಿಟ್ಟವು. ಮೈಯ ಭಾರ, ಅದನ್ನು ಹೊರುವ ಶ್ರಮ, ಹೊರುವವರ ಉದ್ದೇಶ ಇವೆಲ್ಲ ಚಲನೆಯಲ್ಲಿ ಸೋರಿಬರುತ್ತವೆ. ಬೇಡವೆಂದರೂ ಅವುಗಳನ್ನು ಪೂರ್ತಿ ಮುಚ್ಚಿಡಲಾಗದು. ಮನುಷ್ಯನ ಹೆಜ್ಜೆಯನ್ನು ಯಥಾವತ್ತಾಗಿ ಹಾಕುವ ಯಂತ್ರದಲ್ಲಿ ನಮ್ಮ ಕಣ್ಣಿಗೆ ಏನೋ ಬೇರೆಯಾಗಿ ತೋರುವುದೂ ಇದರಿಂದಲೇ ಇರಬೇಕು. ಅಲ್ಲಿರುವುದು ಒಬ್ಬರ ಹೆಜ್ಜೆ, ಇನ್ನೊಂದರ ತೂಕ.

ಇಲ್ಲಿ ಭರತನ ನಾಟ್ಯಶಾಸ್ತ್ರದ ವಿವೇಚನೆ ನೆರವಿಗೆ ಬರುತ್ತದೆ. ಅಂಗಾಂಗಗಳ ಚಲನೆಯಾದ ಆಂಗಿಕದಿಂದ ಬೇರೆಯಾಗಿ ಅದು ಸಾತ್ತ್ವಿಕವನ್ನು ಗುರುತಿಸುತ್ತದೆ. ಬೆವರು, ರೋಮಾಂಚ, ನಡುಕ, ಬಣ್ಣಗೆಡುವಿಕೆ, ಕಣ್ಣೀರು ಸೇರಿದಂತೆ ಎಂಟು ಭಾವಗಳು ಏಕಾಗ್ರವಾದ ಮನಸ್ಸಿನಿಂದ ಹುಟ್ಟುತ್ತವೆ, ಮನಸ್ಸು ಬೇರೆಲ್ಲೋ ಇರುವವನಿಂದ ಅವು ಸಾಧ್ಯವಿಲ್ಲ ಎನ್ನುತ್ತದೆ. ರೋಬೋಟ್‌ಗೆ ಆಂಗಿಕ ದಕ್ಕಿದೆ. ಅದರ ಮೋಟಾರು ಬಿಸಿಯಾಗುವುದಕ್ಕೂ ಕುಣಿತದ ಭಾವಕ್ಕೂ ಮಾತ್ರ ಸಂಬಂಧವಿಲ್ಲ. ಮನುಷ್ಯನಲ್ಲಿ ದಣಿವು, ಉಸಿರು, ಬೀಳುವ ಭಯ ಎಲ್ಲವೂ ಭಾವದೊಳಗೇ ಬೆರೆತಿರುತ್ತವೆ.

ಹಾಗೆಂದು ಯಂತ್ರದ ಕುಣಿತ ಟೊಳ್ಳು ಎನ್ನಲಾರೆ. ಅಮೆರಿಕದ ರೋಬೋಟ್ ತಯಾರಿಕಾ ಕಂಪನಿ ಬಾಸ್ಟನ್ ಡೈನಾಮಿಕ್ಸ್ 2020ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ವಿಡಿಯೊದಲ್ಲಿ ಅಟ್ಲಾಸ್ ರೋಬೋಟ್‌ಗಳು ಅಷ್ಟು ಲವಲವಿಕೆಯಿಂದ ಕುಣಿದದ್ದರ ಹಿಂದೆ ನೃತ್ಯ ಸಂಯೋಜಕಿ ಮೋನಿಕಾ ಥಾಮಸ್ ಅವರ ಕಲ್ಪನೆಯೂ ಇತ್ತು. ತೈವಾನಿನ ನೃತ್ಯ ಸಂಯೋಜಕ ಹುವಾಂಗ್ ಯಿ ಅವರದು ಇನ್ನೂ ಆಪ್ತವಾದ ಉದಾಹರಣೆ. ಮನೆಯವರು ದಿವಾಳಿಯಾಗಿ ಕಷ್ಟದಲ್ಲಿದ್ದಾಗ, ಹಿರಿಯರಿಗೆ ತೊಂದರೆ ಕೊಡದ ವಿಧೇಯ ಮಗುವಾಗಿ, ತನ್ನ ಭಾವನೆಗಳನ್ನು ಅದುಮಿಕೊಂಡು ತಾನೇ ರೋಬೋಟ್‌ನಂತೆ ಬೆಳೆದೆ ಎಂದು ಅವರು ಹೇಳಿಕೊಂಡಿದ್ದಾರೆ. ಜಪಾನಿನ ಕಾರ್ಟೂನಿನ ರೋಬೋಟ್ ಬೆಕ್ಕು ಡೊರೇಮಾನ್‌ನಂಥ ಗೆಳೆಯನೊಬ್ಬ ಬೇಕೆಂಬುದು ಆಗಿನ ಹಂಬಲ. ದೊಡ್ಡವರಾದ ಮೇಲೆ ಕಾರ್ಖಾನೆಗಳಲ್ಲಿ ದುಡಿಯುವ ಕೂಕಾ ಕಂಪನಿಯ ಒಂಟಿತೋಳಿನ ಯಂತ್ರವನ್ನು ಅವರು ತಮ್ಮ ನೃತ್ಯದ ಜೊತೆಗಾರನನ್ನಾಗಿ ಮಾಡಿಕೊಂಡರು. ಅದರ ಒಂದು ನಿಮಿಷದ ಚಲನೆಗೆ ಪ್ರೋಗ್ರಾಮ್ ಬರೆಯಲು ಅವರಿಗೆ ಸುಮಾರು 10 ಗಂಟೆ ಹಿಡಿಯುತ್ತಿತ್ತು. ಬರೆದಿಟ್ಟಂತೆಯೇ ಚಲಿಸುವ ಆ ಲೋಹದ ತೋಳು ಎದುರಿಗಿರುವವರ ಅಂದಿನ ಆಯಾಸವನ್ನೋ ಉತ್ಸಾಹವನ್ನೋ ಅರಿಯದು. ಪ್ರತಿ ಪ್ರದರ್ಶನದಲ್ಲೂ ಹೆಜ್ಜೆ ಹೊಂದಿಸಿಕೊಳ್ಳುವ ಹೊಣೆ ಅದರೆದುರು ಕುಣಿಯುವ ಹುವಾಂಗ್ ಯಿ ಅವರದೇ.