ಕಾರ್ಡಿನಿಂದ ಕಾಮೆಂಟಿನವರೆಗೆ: ಓದುಗರ ಮಾತು ಸವೆದ ಬಗೆ

ಆನ್‌ಲೈನ್‌ನಲ್ಲಿ ಕನ್ನಡ ಕಥೆ, ಲೇಖನ ಬರೆಯುವವರನ್ನು ಮಾತಿಗೆಳೆಯಿರಿ. ಹೆಚ್ಚಿನವರದು ಒಂದೇ ಕೊರಗು. ಓದಿದವರು ಏನೂ ಹೇಳುವುದಿಲ್ಲ, ಹೇಳಿದವರು ಓದಿರುವುದಿಲ್ಲ. ದೊಡ್ಡ ಕಥೆಯೊಂದನ್ನು ಹಾಕಿದ ಅರ್ಧ ನಿಮಿಷಕ್ಕೇ ‘ಸೂಪರ್’ ಅಂತ ಬಂದರೆ ಖುಷಿಪಡಬೇಕೋ ಬೇಸರಪಡಬೇಕೋ ತಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಪುಸ್ತಕ ಬಿಡುಗಡೆಗೆ ಹೋದಾಗಲೂ ಕಾಫಿ ಹಿಡಿದು ನಿಂತವರ ಮಧ್ಯೆ ಈ ವಿಷಯ ಬಂದೇ ಬರುತ್ತದೆ. ‘ಈಗಿನವರಿಗೆ ಓದುವ ತಾಳ್ಮೆ ಇಲ್ಲ ಬಿಡಿ’ ಎಂದು ಯಾರಾದರೂ ಮಾತು ಮುಗಿಸುತ್ತಾರೆ.

ನಾನು ಅದನ್ನು ಒಪ್ಪುವುದಿಲ್ಲ. ಓದುಗರು ಯಾವ ಕಾಲದಲ್ಲೂ ಮಾತಾಡಿದ್ದಾರೆ. ಆದರೆ ಆ ಮಾತನ್ನು ಕೇಳಿಸಿಕೊಂಡು ಉತ್ತರ ಕೊಡಲು ಮೊದಲು ಒಬ್ಬ ಮನುಷ್ಯ ಇರುತ್ತಿದ್ದ. ಬರಬರುತ್ತಾ ಕೇಳಿಸಿಕೊಳ್ಳುವುದು ನಿಂತು, ಎಣಿಸುವುದು ಶುರುವಾಯಿತು. ತೊಂದರೆಯ ಬೇರು ಇರುವುದು ಅಲ್ಲಿ.

ಕನ್ನಡದಲ್ಲಿ ಕಾದಂಬರಿ ಕಣ್ಣು ಬಿಡುತ್ತಿದ್ದ ಕಾಲದಲ್ಲಿ ಲೇಖಕರೇ ಓದುಗರನ್ನು ಹುಡುಕಿಕೊಂಡು ಹೋಗಬೇಕಿತ್ತು. ಗಳಗನಾಥರು ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ಅಲೆದು ಮಾರಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆಯಿತು. ಪುಸ್ತಕ ಅಚ್ಚಾಗುವ ಮೊದಲೇ ಹಣ ಕೊಟ್ಟು ಕಾಯುವ ಓದುಗರು ಅವರು. ಯಾರು ಓದುತ್ತಾರೆ, ಯಾವ ಊರಿನವರು ಎಂಬುದು ಪ್ರಕಾಶಕರಿಗೆ ವಿಳಾಸ ಸಮೇತ ಗೊತ್ತಿತ್ತು.

ಬೆಂಗಳೂರಿನಲ್ಲಿ ಈ ನಂಟು ಗಟ್ಟಿಯಾದದ್ದು ಪತ್ರಿಕೆಗಳಿಂದ. 1948ರಲ್ಲಿ ಪ್ರಜಾವಾಣಿ ಬಂತು, 1965ರಲ್ಲಿ ಸುಧಾ, 1968ರಲ್ಲಿ ಮಯೂರ, 1980ರಲ್ಲಿ ಲಂಕೇಶ್ ಪತ್ರಿಕೆ. ಪ್ರಜಾವಾಣಿಯ ‘ವಾಚಕರ ವಾಣಿ’ಯನ್ನೇ ಮೊದಲು ಓದುವ ಜನ ನಮ್ಮ ಮನೆಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಬಸ್ ನಿಲ್ದಾಣದ ದೂರಿನಿಂದ ಹಿಡಿದು ಸಾಹಿತ್ಯದ ಜಗಳದವರೆಗೆ ಎಲ್ಲವೂ ಅಲ್ಲಿಗೆ ಬರುತ್ತಿತ್ತು. ಒಬ್ಬರ ಪತ್ರಕ್ಕೆ ಇನ್ನೊಬ್ಬರು ಉತ್ತರ ಬರೆದು, ಅದಕ್ಕೆ ಮತ್ತೊಬ್ಬರು ತಕರಾರು ತೆಗೆದು, ಚರ್ಚೆ ವಾರಗಟ್ಟಲೆ ಎಳೆಯುತ್ತಿತ್ತು.

ಅಂಥ ಒಂದು ಪತ್ರ ಹುಟ್ಟುವುದನ್ನು ನೆನೆಸಿಕೊಳ್ಳಿ. ಸುಧಾದಲ್ಲಿ ಓದಿದ ಕಥೆ ತಲೆಯಲ್ಲೇ ಉಳಿದಿದೆ. ಅಂಚೆ ಕಚೇರಿಯಿಂದ ತಂದಿಟ್ಟ ಕಾರ್ಡು ಮನೆಯಲ್ಲಿದೆ. ಕಾರ್ಡಿನಲ್ಲಿ ಜಾಗ ಕಡಿಮೆ, ವಿಳಾಸದ ಕಡೆ ಉಳಿದ ಅರ್ಧ ಸೇರಿಸಿದರೂ ಹತ್ತಿಪ್ಪತ್ತು ಸಾಲು. ಆದ್ದರಿಂದ ಏನು ಹೇಳಬೇಕೆಂದು ಮೊದಲೇ ಯೋಚಿಸಬೇಕು. ‘ಮಾನ್ಯರೇ’ ಎಂದು ಶುರು ಮಾಡಿ, ಯಾವ ಸಂಚಿಕೆ, ಯಾವ ಕಥೆ ಎಂದು ಬರೆದು, ತಮಗೆ ಹಿಡಿಸಿದ್ದನ್ನೋ ಹಿಡಿಸದ್ದನ್ನೋ ಎರಡು ಮಾತಿನಲ್ಲಿ ಹೇಳಿ, ಕೊನೆಗೆ ಹೆಸರು, ಊರು. ಹೆಸರು, ವಿಳಾಸ ಇಲ್ಲದ ಪತ್ರ ಅಚ್ಚಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ನಿಯಮ. ಕಾರ್ಡಿನ ಬೆಲೆ ಏನೂ ದೊಡ್ಡದಲ್ಲ, ಈಗಲೂ 50 ಪೈಸೆಯೇ. ಆದರೆ ಬರೆದು ಡಬ್ಬಿಗೆ ಹಾಕುವಷ್ಟು ಶ್ರಮ ಇತ್ತಲ್ಲ, ಅದು ಸುಮ್ನೆ ಬರೆಯುವವರನ್ನು ದೂರ ಇಡುತ್ತಿತ್ತು. ಹೇಳಲು ಏನಾದರೂ ಇದ್ದವರು ಮಾತ್ರ ಬರೆಯುತ್ತಿದ್ದರು.

ಬಂದ ಪತ್ರಗಳನ್ನು ಪತ್ರಿಕೆ ಕಚೇರಿಯಲ್ಲಿ ಒಬ್ಬರು ಕೂತು ಓದುತ್ತಿದ್ದರು. ಯಾವುದನ್ನು ಹಾಕಬೇಕು, ಎಲ್ಲಿ ಕತ್ತರಿಸಬೇಕು ಎಂದು ಅವರೇ ತೀರ್ಮಾನಿಸುತ್ತಿದ್ದರು. ಲೇಖಕರೂ ಉತ್ತರ ಬರೆಯುತ್ತಿದ್ದರು. ಶಿವರಾಮ ಕಾರಂತರಿಗೆ ಕಾಗದ ಬರೆದರೆ ಉತ್ತರ ಬರುತ್ತದೆ ಎಂಬ ನಂಬಿಕೆ ಅವರ ಓದುಗರಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ, ಆ ಕಾರ್ಡುಗಳನ್ನು ಜೋಪಾನವಾಗಿ ಇಟ್ಟುಕೊಂಡವರ ಮಾತನ್ನು ಇಂದಿಗೂ ಕೇಳಬಹುದು. ಶಾಲೆಯ ಹುಡುಗರು ಕೂಡ ಬರೆಯುವ ಧೈರ್ಯ ಮಾಡುತ್ತಿದ್ದುದು ಇದೇ ಕಾರಣಕ್ಕೆ. ಆ ಕಡೆ ಒಬ್ಬರಿದ್ದಾರೆ, ಅವರು ಓದುತ್ತಾರೆ ಎಂದು ಗೊತ್ತಿದ್ದರೆ ಮಾತು ತಾನಾಗಿ ಹುಟ್ಟುತ್ತದೆ.

ಆ ಕಾಲವೇ ಬಂಗಾರ ಎಂದು ನಾನು ಹೇಳುತ್ತಿಲ್ಲ. ಅಚ್ಚಾಗದೆ ಉಳಿದ ಪತ್ರಗಳೇ ಜಾಸ್ತಿ. ಬರವಣಿಗೆ ಚೆನ್ನಾಗಿ ಬರುವವರ, ನಗರದವರ, ಗಂಡಸರ ಮಾತಿಗೇ ಹೆಚ್ಚು ಜಾಗ ಸಿಗುತ್ತಿತ್ತು. ಕಥೆಗಳನ್ನು ಎಲ್ಲರಿಗಿಂತ ಹೆಚ್ಚು ಓದುತ್ತಿದ್ದ ಹೆಂಗಸರು ಅಷ್ಟಾಗಿ ಪತ್ರ ಬರೆಯುತ್ತಿರಲಿಲ್ಲ, ಅಥವಾ ಬರೆಯಲು ಮನೆಯಲ್ಲಿ ಬಿಡುತ್ತಿರಲಿಲ್ಲ.

ಅವರ ಮಾತು ಬೇರೆ ಕಡೆ ಸಿಗುತ್ತಿತ್ತು. ಜಯನಗರ, ಮಲ್ಲೇಶ್ವರ, ರಾಜಾಜಿನಗರದ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಬಾಡಿಗೆಗೆ ತಂದ ಕಾದಂಬರಿಗಳ ಕೊನೆಯ ಪುಟ ನೋಡಿದವರಿಗೆ ಇದು ಗೊತ್ತು. ಪೆನ್ಸಿಲಿನಲ್ಲಿ ಒಬ್ಬರು ‘ತಪ್ಪದೆ ಓದಿ’ ಎಂದು ಬರೆದಿರುತ್ತಿದ್ದರು. ಅದರ ಕೆಳಗೆ ಬೇರೆ ಕೈಬರಹದಲ್ಲಿ ‘ಕೊನೆ ಸರಿಯಿಲ್ಲ, ಅವಳು ವಾಪಸ್ ಹೋಗಬಾರದಿತ್ತು’. ಅದಕ್ಕೂ ಕೆಳಗೆ ‘ಹೋಗದೆ ಏನು ಮಾಡಬೇಕಿತ್ತು?’ ಒಬ್ಬರಿಗೊಬ್ಬರು ಮುಖ ನೋಡದವರ ನಡುವಿನ ಚರ್ಚೆ. ಲೈಬ್ರರಿಯವರು ‘ಪುಸ್ತಕದಲ್ಲಿ ಬರೆಯಬೇಡಿ’ ಎಂದು ಸೀಲು ಹೊಡೆದಿದ್ದರೂ ನಿಲ್ಲುತ್ತಿರಲಿಲ್ಲ. ಇದನ್ನು ಯಾರೂ ಎಣಿಸಲಿಲ್ಲ, ಬಹುಮಾನವೂ ಇರಲಿಲ್ಲ. ಲೇಖಕಿಯ ಕಣ್ಣಿಗೂ ಬೀಳುತ್ತಿರಲಿಲ್ಲ. ಮುಂದೆ ಅದೇ ಪುಸ್ತಕ ಒಯ್ಯುವವರು ನೋಡುತ್ತಾರೆ ಎಂಬುದಷ್ಟೇ ಅವರಿಗೆ ಸಾಕಿತ್ತು.

ಕಂಪ್ಯೂಟರಿಗೆ ಕನ್ನಡ ಬಂದ ಮೇಲೆ ಮೊದಲ ಕೆಲವು ವರ್ಷ ಇದೇ ಗುಣ ಮುಂದುವರಿಯಿತು. 1996ರಲ್ಲಿ ಯು.ಬಿ. ಪವನಜ ಅವರು ವಿಶ್ವಕನ್ನಡ ಎಂಬ ಅಂತರ್ಜಾಲ ಪತ್ರಿಕೆ ಶುರು ಮಾಡಿದರು. 1998ರಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ ‘ಬರಹ’ ಎಂಬ ತಂತ್ರಾಂಶ ಬಂತು. ಆಗ ಒಂದೊಂದು ತಾಣಕ್ಕೆ ಒಂದೊಂದು ಫಾಂಟ್. ಅದು ಇಲ್ಲದಿದ್ದರೆ ಪರದೆ ತುಂಬ ಅರ್ಥವಾಗದ ಗುರುತುಗಳು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದು, ಎಲ್ಲ ಕಂಪ್ಯೂಟರಿಗೂ ಅಕ್ಷರಗಳಿಗೆ ಒಂದೇ ಸಂಕೇತ ಕೊಡುವ ಯೂನಿಕೋಡ್ ಹರಡಿದ ಮೇಲೆ ಈ ತಾಪತ್ರಯ ಕಡಿಮೆಯಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2005ರ ಹೊತ್ತಿಗೆ ಓದುಗರೇ ಬರೆದು ಚರ್ಚಿಸುವ ತಾಣವಾಗಿ ಹರಿಪ್ರಸಾದ್ ನಾಡಿಗರ ಸಂಪದ ಬಂತು.

ಆಗಿನ ಪ್ರತಿಕ್ರಿಯೆಗಳು ಉದ್ದವಾಗಿ, ಬಿಸಿಬಿಸಿಯಾಗಿ ಇರುತ್ತಿದ್ದವು. ಒಂದು ಪದದ ಬಳಕೆಯ ಬಗ್ಗೆ ಪುಟಗಟ್ಟಲೆ ವಾದ ನಡೆಯುತ್ತಿತ್ತು. ಕವಿತೆ ಹಾಕಿದವರಿಗೆ ಯಾವ ಸಾಲಿನಲ್ಲಿ ಲಯ ತಪ್ಪಿದೆ ಎಂದು ಅಪರಿಚಿತರು ತೋರಿಸುತ್ತಿದ್ದರು. ಬಂದವರು ಕಡಿಮೆ, ಹಾಗಾಗಿ ಯಾರ ಮಾತೂ ಕಳೆದುಹೋಗುತ್ತಿರಲಿಲ್ಲ. ಬರೆದವರು ಪ್ರತಿಯೊಬ್ಬರಿಗೂ ಉತ್ತರ ಕೊಡುತ್ತಿದ್ದರು. ಬೆಂಗಳೂರಿನಲ್ಲಿದ್ದವರು ಆಗಾಗ ಒಂದೆಡೆ ಸೇರಿ ಮುಖಾಮುಖಿ ಮಾತಾಡುತ್ತಿದ್ದರು. ಮುಂದಿನ ಭಾನುವಾರ ಬಸವನಗುಡಿಯಲ್ಲಿ ಎದುರು ಕೂರಬೇಕಾದವರ ಕಥೆಯ ಬಗ್ಗೆ ಓದದೆ ಹೊಗಳಲು ಮುಜುಗರ ಆಗುತ್ತದೆ, ಅಲ್ವಾ?

2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಲೈಕ್ ಬಟನ್ ತಂದಿತು. ಒಂದು ಒತ್ತಿದರೆ ಸಾಕು, ‘ನೋಡಿದೆ’ ಎಂದು ತಿಳಿಸಿದಂತಾಯಿತು. ಇದರಿಂದ ಒಳ್ಳೆಯದೂ ಆಯಿತು, ಮಾತು ಬಾರದವರಿಗೂ ಮೆಚ್ಚುಗೆ ತೋರಿಸಲು ದಾರಿ ಸಿಕ್ಕಿತು. ಆದರೆ ಹತ್ತು ಸಾಲು ಬರೆಯುತ್ತಿದ್ದವರೂ ಒತ್ತಿ ಮುಂದೆ ಹೋಗತೊಡಗಿದರು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2017ರಲ್ಲಿ ಗೂಗಲ್‌ನ ಕನ್ನಡ ಧ್ವನಿ ಟೈಪಿಂಗ್ ಬಂತು. ಫೋನಿನಲ್ಲೇ ಓದುವವರು, ಬರೆಯುವವರು ಹಿಂದೆಂದೂ ಇಲ್ಲದಷ್ಟು ಹೆಚ್ಚಾದರು. 2014ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ತಾಲ್ಲೂಕು ಊರುಗಳ ಹೆಂಗಸರು ಅಡುಗೆಮನೆ ಕೆಲಸ ಮುಗಿಸಿ ರಾತ್ರಿ ಧಾರಾವಾಹಿ ಬರೆಯುತ್ತಾರೆ. ವಾಚಕರ ಪತ್ರದಲ್ಲಿ ಜಾಗ ಸಿಗದಿದ್ದವರಿಗೆ ಇಲ್ಲಿ ಸಾವಿರಾರು ಓದುಗರು ಸಿಕ್ಕರು. ಇದು ಸಣ್ಣ ಗಳಿಕೆಯಲ್ಲ. ಆನ್‌ಲೈನ್ ಬರವಣಿಗೆಯನ್ನು ಹೀಗಳೆಯುವವರು ಇದನ್ನು ಮರೆಯುತ್ತಾರೆ.

ಎಡವಟ್ಟು ಆದದ್ದು ಎಣಿಕೆಯಿಂದ. ಸಾಮಾನ್ಯವಾಗಿ ಇಂಥ ತಾಣಗಳಲ್ಲಿ ಬೇಗ ಪ್ರತಿಕ್ರಿಯೆ ಬಂದ ಬರಹ ಮೇಲೆ ಕಾಣುತ್ತದೆ. ಮೇಲೆ ಕಂಡದ್ದನ್ನು ಇನ್ನಷ್ಟು ಜನ ತೆರೆಯುತ್ತಾರೆ. ಹಾಗಾಗಿ ಹಾಕಿದ ಮೊದಲ ಕೆಲವು ಗಂಟೆಯಲ್ಲಿ ಎಷ್ಟು ಬಂತು ಎಂಬುದು ಹೊಸ ಬರಹಗಾರರಿಗೆ ಜೀವನ್ಮರಣದ ಪ್ರಶ್ನೆ. ಇದರಿಂದ ಹುಟ್ಟಿದ್ದು ವಾಟ್ಸಾಪ್ ಗುಂಪುಗಳ ಕೊಡು-ಕೊಳ್ಳುವ ವ್ಯವಹಾರ. ‘ಹೊಸ ಸಂಚಿಕೆ ಹಾಕಿದ್ದೀನಿ, ರೇಟಿಂಗ್ ಕೊಡಿ ಪ್ಲೀಸ್, ನಿಮ್ಮದಕ್ಕೂ ಕೊಡ್ತೀನಿ.’ ಲಿಂಕ್ ಬಂದ ಕೂಡಲೇ ಹತ್ತಿಪ್ಪತ್ತು ಮಂದಿ ಐದು ಸ್ಟಾರ್ ಒತ್ತುತ್ತಾರೆ. ಎಲ್ಲರ ಕಥೆಗೂ ಐದು ಬಂದರೆ ಐದಕ್ಕೆ ಏನು ಬೆಲೆ? ಹೊಸ ಓದುಗರು ಸ್ಟಾರ್ ನಂಬಿ ಕಥೆ ತೆರೆಯುತ್ತಾರೆ, ನಿರಾಸೆಯಾಗುತ್ತದೆ, ಮುಂದಿನ ಸಲ ಸ್ಟಾರ್ ನಂಬುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪೂರ್ತಿ ಓದಿ, ‘ಮೂರನೇ ಭಾಗ ಎಳೆದ ಹಾಗಿದೆ’ ಎಂದು ಮೂರು ಸ್ಟಾರ್ ಕೊಟ್ಟವರು ಶತ್ರುವಾಗುತ್ತಾರೆ. ‘ನಾನು ನಿಮಗೆ ಐದು ಕೊಟ್ಟಿದ್ದೆನಲ್ಲ’ ಎಂದು ಮೆಸೇಜ್ ಬರುತ್ತದೆ. ಒಮ್ಮೆ ಹೀಗಾದ ಮೇಲೆ ಅವರು ಬಾಯಿ ಬಿಡುವುದಿಲ್ಲ. ಕಥೆಗೆ ಬೇಕಿದ್ದ ಓದುಗರು ಇಂಥವರೇ, ಮೊದಲು ಸುಮ್ಮನಾಗುವವರೂ ಇವರೇ.

ತಾಣಗಳನ್ನು ನಡೆಸುವವರಿಗೆ ಇದು ಗೊತ್ತಿಲ್ಲ ಎಂದಲ್ಲ. 2017ರ ಕೊನೆಗೆ ಫೇಸ್‌ಬುಕ್, ‘ಲೈಕ್ ಮಾಡಿ, ಗೆಳೆಯರನ್ನು ಟ್ಯಾಗ್ ಮಾಡಿ’ ಎಂದು ಬೇಡುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುವುದಾಗಿ ಹೇಳಿತು. 2018ರ ಜನವರಿಯಲ್ಲಿ ಜನರ ನಡುವಿನ ಅರ್ಥಪೂರ್ಣ ಮಾತುಕತೆಗೆ ಒತ್ತು ಕೊಡುತ್ತೇವೆಂದು, ಯಾವ ಪೋಸ್ಟ್ ಮೇಲೆ ಕಾಣಬೇಕೆಂಬ ಲೆಕ್ಕಾಚಾರವನ್ನೇ ಬದಲಿಸಿತು. ಕಾಮೆಂಟ್, ಶೇರ್‌ಗೆ ತೂಕ ಹೆಚ್ಚಿತು. ಫಲ ಉಲ್ಟಾ ಆಯಿತು. ಜನ ಹೆಚ್ಚು ಕಾಮೆಂಟ್ ಮಾಡುವುದು ಸಿಟ್ಟು ಬಂದಾಗ. ಕೋಪದ ಇಮೋಜಿಗೆ ಒಂದು ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿದ್ದರು ಎಂಬುದು 2021ರಲ್ಲಿ ಆ ಕಂಪನಿಯ ಒಳಗಿನ ಕಾಗದಗಳು ಹೊರಬಿದ್ದಾಗ ಬಯಲಾಯಿತು. ಮೀಡಿಯಂ ಎಂಬ ಬರವಣಿಗೆಯ ತಾಣ 2017ರಲ್ಲಿ ಚಪ್ಪಾಳೆ ತಂದಿತು, ಒಬ್ಬರು ಒಂದು ಬರಹಕ್ಕೆ 50 ಚಪ್ಪಾಳೆವರೆಗೆ ತಟ್ಟಬಹುದು. 2019ರಲ್ಲಿ ಅದು ಲೇಖಕರಿಗೆ ಕೊಡುವ ಹಣಕ್ಕೆ ಚಪ್ಪಾಳೆಯ ಬದಲು ಸದಸ್ಯರು ಓದಿದ ಸಮಯವನ್ನು ಆಧಾರ ಮಾಡಿಕೊಂಡಿತು. ಓದುವ ಸಮಯ ಒಳ್ಳೆಯ ಅಳತೆಯೇ, ಆದರೆ ಹಣ ಅದಕ್ಕೆ ಅಂಟಿಕೊಂಡರೆ ಬರಹವನ್ನು ಉದ್ದ ಮಾಡುವ ಆಸೆ ಹುಟ್ಟುತ್ತದೆ.

ಈಗ ಇನ್ನೊಂದು ತಲೆನೋವು ಸೇರಿದೆ. ಯಂತ್ರವೇ ಬರೆದುಕೊಟ್ಟ ನಯವಾದ ಕಾಮೆಂಟ್. ‘ಭಾವನೆಗಳನ್ನು ಮನಮುಟ್ಟುವಂತೆ ಚಿತ್ರಿಸಿದ್ದೀರಿ’ ಎಂಬಂಥ ಸಾಲು ಯಾವ ಕಥೆಯ ಕೆಳಗೂ ಹೊಂದುತ್ತದೆ. ನಿಜವಾಗಿ ಓದಿದವರ ಮಾತು ಹಾಗಿರುವುದಿಲ್ಲ. ಅದರಲ್ಲಿ ಪಾತ್ರದ ಹೆಸರು ಇರುತ್ತದೆ, ಒಂದು ಜಾಗ ಇರುತ್ತದೆ. ‘ಅತ್ತೆ ಬಾಗಿಲಲ್ಲಿ ನಿಂತು ಏನೂ ಹೇಳದೆ ಒಳಗೆ ಹೋದಳಲ್ಲ, ಅಲ್ಲಿ ನಮ್ಮ ದೊಡ್ಡಮ್ಮ ನೆನಪಾದರು’ ಎಂದು ಬರೆಯಲು ಕಥೆ ಓದಿರಲೇಬೇಕು.

ಹಾಗಾದರೆ ಏನು ಮಾಡಬಹುದು? ತಾಣಗಳು ಮಾಡಬಹುದಾದ್ದು ಸಾಕಷ್ಟಿದೆ. ಕೊನೆಯವರೆಗೆ ಓದಿದವರ ರೇಟಿಂಗ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಯಾವ ಭಾಗದಲ್ಲಿ ಓದುಗರು ಬಿಟ್ಟುಹೋದರು ಎಂಬುದನ್ನು ಲೇಖಕರಿಗೆ ಮಾತ್ರ ತೋರಿಸಬಹುದು. ವಾಟ್‌ಪ್ಯಾಡ್ ಎಂಬ ಕಥೆಗಳ ತಾಣದಲ್ಲಿ ಇರುವ ಹಾಗೆ, ಒಂದೊಂದು ಪ್ಯಾರಾದ ಪಕ್ಕದಲ್ಲೇ ಪ್ರತಿಕ್ರಿಯೆ ಬರೆಯಲು ಬಿಡಬಹುದು. ಹಿಂದೆ ಪತ್ರಿಕೆ ಕಚೇರಿಯಲ್ಲಿ ಪತ್ರ ಆರಿಸುತ್ತಿದ್ದವರಂತೆ, ವಾರದ ಒಳ್ಳೆಯ ಓದುಗರ ಪ್ರತಿಕ್ರಿಯೆಗಳನ್ನು ಒಬ್ಬ ಸಂಪಾದಕರು ಆರಿಸಿ ಮುಖಪುಟದಲ್ಲಿ ಹಾಕಬಹುದು. ಇದಕ್ಕೆ ಸಂಬಳ ಕೊಟ್ಟು ಮನುಷ್ಯರನ್ನು ಇಡಬೇಕು, ಆದ್ದರಿಂದಲೇ ಮಾಡುವುದಿಲ್ಲ ಎಂಬುದು ನನ್ನ ಅನಿಸಿಕೆ.

ಬೆಂಗಳೂರಿನಲ್ಲಿ ಓದುಗರು ತಾವೇ ದಾರಿ ಮಾಡಿಕೊಂಡದ್ದೂ ಇದೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿ ಸುಮ್ನೆ ಕೂತು ಓದುವ ಕಬ್ಬನ್ ರೀಡ್ಸ್ ಶುರುವಾಗಿ ಬೇರೆ ನಗರಗಳಿಗೂ ಹರಡಿತು. ಅಲ್ಲಿ ಓದಿದ ಬಗ್ಗೆ ಮಾತಾಡಲೇಬೇಕೆಂಬ ಒತ್ತಾಯ ಇಲ್ಲ. ಆದರೂ ಪಕ್ಕದವರ ಕೈಲಿರುವ ಪುಸ್ತಕದ ಬಗ್ಗೆ ಕೇಳದೆ ಇರಲು ಎಷ್ಟು ಜನರಿಂದ ಆಗುತ್ತದೆ?

ರಾಜಾಜಿನಗರದಲ್ಲಿ ನನ್ನ ಗೆಳತಿಯೊಬ್ಬಳು ಆ್ಯಪ್ ಒಂದರಲ್ಲಿ ಧಾರಾವಾಹಿ ಬರೆಯುತ್ತಾಳೆ. ಕೊಡು-ಕೊಳ್ಳುವ ಗುಂಪುಗಳಿಂದ ಅವಳು ಹೊರಗೆ ಬಂದಳು. ಮೊದಲು ಓದುಗರ ಸಂಖ್ಯೆ ಇಳಿಯಿತು, ಅವಳಿಗೆ ಭಯವಾದದ್ದೂ ನಿಜ. ಆಮೇಲೆ ‘ಹೇಗಿದೆ ಹೇಳಿ’ ಎಂದು ಕೇಳುವುದನ್ನು ಬಿಟ್ಟು, ಪ್ರತಿ ಸಂಚಿಕೆಯ ಕೊನೆಗೆ ಆ ಕಥೆಯದೇ ಒಂದು ಪ್ರಶ್ನೆ ಇಡತೊಡಗಿದಳು. ‘ಈ ಮನೆ ಮಾರಲು ಒಪ್ಪಿದ ಅಣ್ಣನನ್ನು ನೀವಾಗಿದ್ದರೆ ಕ್ಷಮಿಸುತ್ತಿದ್ದಿರಾ?’ ಬಂದ ಉತ್ತರಗಳಿಗೆಲ್ಲ ಹೆಸರು ಹಿಡಿದು ಮರುಮಾತು ಬರೆದಳು. ಒಮ್ಮೆ ತುಮಕೂರಿನ ಓದುಗರೊಬ್ಬರು, ‘ಮೇಡಂ, ಒಟ್ಟು ಕುಟುಂಬದ ಆಸ್ತಿ ಅಣ್ಣ ಒಬ್ಬನೇ ಸಹಿ ಹಾಕಿದರೆ ಹಾಗೆ ಮಾರಾಟ ಆಗುವುದಿಲ್ಲ, ತಂಗಿಗೂ ಪಾಲಿದೆ’ ಎಂದು ಬರೆದರು. ಅವಳು ವಕೀಲರೊಬ್ಬರನ್ನು ಕೇಳಿ ಖಚಿತ ಮಾಡಿಕೊಂಡು, ಆ ಭಾಗವನ್ನು ತಿದ್ದಿ, ಮುಂದಿನ ಸಂಚಿಕೆಯ ಮೇಲೆ ಅವರಿಗೆ ಥ್ಯಾಂಕ್ಸ್ ಹೇಳಿದಳು. ಆ ವಾರದಿಂದ ಬೇರೆಯವರೂ ತಮ್ಮ ಮನೆಯ ಪಾಲುಪಟ್ಟಿಯ ಕಥೆಗಳನ್ನು ಉದ್ದುದ್ದ ಬರೆಯತೊಡಗಿದ್ದಾರೆ. ತಂಗಿಯ ಪಾತ್ರ ಈಗ ಅವಳು ಮೊದಲು ಯೋಚಿಸಿದ್ದಕ್ಕಿಂತ ಬಹಳ ದೊಡ್ಡದಾಗಿದೆ.